ಉರಿಮೂತ್ರ, ತುರಿಕೆ, ಬಿಳಿ ಸೆರಗು: ಮೊದಲು ಗುರುತಿಸಿ, ಆಮೇಲೆ ಔಷಧಿ

ಕೆಳಗಡೆ ಏನೋ ಸರಿಯಿಲ್ಲ ಅನ್ನಿಸಿದ ತಕ್ಷಣ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದು, ಸೋಪು ಹಾಕಿ ಇನ್ನೂ ಜೋರಾಗಿ ತೊಳೆಯುವುದು. ಇನ್ನೊಂದು, ಹಿಂದಿನ ಸಲ ಉಳಿದಿದ್ದ ಮಾತ್ರೆ ಹುಡುಕಿ ನುಂಗುವುದು. ಎರಡರಿಂದಲೂ ತೊಂದರೆ ಜಾಸ್ತಿಯಾಗುವ ಸಂಭವವೇ ಹೆಚ್ಚು. ಉರಿ, ತುರಿಕೆ, ವಾಸನೆ, ಬಿಳಿ ಸೆರಗು ಹೊರಗೆ ಒಂದೇ ಥರ ಕಂಡರೂ ಒಳಗಿನ ಕಾರಣ ಬೇರೆ ಬೇರೆ ಇರುತ್ತದೆ. ಫಂಗಸ್‌ಗೆ ಕೊಡುವ ಔಷಧಿ ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಕೊಡುವ ಆ್ಯಂಟಿಬಯೋಟಿಕ್ ಫಂಗಸ್ಸನ್ನು ಇನ್ನಷ್ಟು ಬೆಳೆಸಬಹುದು.

ಫಂಗಸ್ ಸೋಂಕು ಅಂತ ತಾವೇ ತೀರ್ಮಾನಿಸಿ ಔಷಧಿ ಕೊಂಡ ಮಹಿಳೆಯರನ್ನು ಪರೀಕ್ಷಿಸಿ ನೋಡಿದ ಅಧ್ಯಯನವೊಂದಿದೆ. ಅವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಬರೀ ಫಂಗಸ್ ಸೋಂಕಿತ್ತು. ಹಾಗಾಗಿ ಈ ಬರಹದಲ್ಲಿ ಔಷಧಿಗಿಂತ ಗುರುತಿಸುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ನಿಮಗೆ ಸಹಜ ಯಾವುದು ಅಂತ ತಿಳಿದುಕೊಳ್ಳಿ

ಒಂದು ಕೈಗನ್ನಡಿ ಹಿಡಿದು ಒಮ್ಮೆ ನೋಡಿಕೊಳ್ಳಿ. ನಾಚಿಕೊಳ್ಳುವಂಥದ್ದೇನೂ ಇಲ್ಲ, ನಿಮ್ಮದೇ ಮೈ ಅಲ್ವಾ? ಮುಂದುಗಡೆ ಮೂತ್ರ ಬರುವ ಸಣ್ಣ ರಂಧ್ರ, ಅದರ ಹಿಂದೆ ಯೋನಿದ್ವಾರ, ಅದರ ಹಿಂದೆ ಗುದದ್ವಾರ. ಮೂರೂ ಹತ್ತಿರ ಹತ್ತಿರ. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂ.ಮೀ. ಮಾತ್ರ, ಗಂಡಸರಲ್ಲಿ ಅದು 20 ಸೆಂ.ಮೀ. ಆಸುಪಾಸು. ಕರುಳಿನ ಬ್ಯಾಕ್ಟೀರಿಯಾ ಮೂತ್ರಕೋಶ ಸೇರಲು ಹೆಣ್ಣಿನಲ್ಲಿ ದಾರಿ ಅಷ್ಟು ಚಿಕ್ಕದು. ಮೂತ್ರದ ಸೋಂಕು ಹೆಂಗಸರಿಗೇ ಯಾಕೆ ಇಷ್ಟು ಬರುತ್ತದೆ ಅನ್ನುವುದಕ್ಕೆ ಮುಖ್ಯ ಕಾರಣ ಇದೇ, ಕೊಳಕಾಗಿರುವುದಲ್ಲ. ಸುಮಾರು ಅರ್ಧದಷ್ಟು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ.

ಯೋನಿಯೊಳಗೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಅಲ್ಲಿನ ಪಿಎಚ್ (ಹುಳಿಯ ಅಳತೆ, ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು) ಅನ್ನು 3.8ರಿಂದ 4.5ರೊಳಗೆ ಇಡುತ್ತವೆ. ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ಯೋನಿ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ, ಆ ಕೆಲಸದಲ್ಲಿ ಹೊರಬರುವುದೇ ಸಹಜ ಸ್ರಾವ. ದಿನಕ್ಕೆ 1ರಿಂದ 4 ಮಿ.ಲೀ.ವರೆಗೆ ಹೋಗುವುದು ಮಾಮೂಲು. ಒಳಉಡುಪಿನ ಮೇಲೆ ಒಣಗಿದಾಗ ತುಸು ಹಳದಿಯಾಗಿ ಕಾಣುವುದೂ ಮಾಮೂಲು. ತಿಂಗಳಿನ ಮಧ್ಯೆ, ಅಂಡ ಬಿಡುಗಡೆಯಾಗುವ ದಿನಗಳಲ್ಲಿ, ಅದು ತಿಳಿಯಾಗಿ, ಜಾರುವಂತೆ, ಬೆರಳಲ್ಲಿ ಎಳೆದರೆ ಎಳೆಯಾಗಿ ಬರುತ್ತದೆ. ಮುಟ್ಟಿಗೆ ಮುಂಚೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಬಸುರಿನಲ್ಲಿ ಜಾಸ್ತಿಯಾಗುತ್ತದೆ.

ಎರಡು ಮೂರು ತಿಂಗಳು ಸುಮ್ನೆ ಗಮನಿಸಿದರೆ ನಿಮ್ಮ ಸಹಜ ಸ್ರಾವ ಎಂಥದ್ದು ಅಂತ ಗೊತ್ತಾಗುತ್ತದೆ. ಬಣ್ಣ, ವಾಸನೆ, ದಪ್ಪ ಅದಕ್ಕಿಂತ ಬೇರೆಯಾದರೆ, ಅಥವಾ ಜೊತೆಗೆ ತುರಿಕೆ, ಉರಿ, ನೋವು ಇದ್ದರೆ ಆಗ ಯೋಚಿಸಬೇಕು. ಬರೀ ಬಿಳಿ ಸೆರಗು ಅಂದರೆ ಕಾಯಿಲೆ ಅಂತ ಅಲ್ಲ.

ಹಂತ 2: ಉರಿ ಎಲ್ಲಿದೆ ಅಂತ ಕೇಳಿಕೊಳ್ಳಿ

ಇದು ಚಿಕ್ಕ ಪ್ರಶ್ನೆ, ಆದರೆ ಅರ್ಧ ಗೊಂದಲ ಇದರಲ್ಲೇ ಕಳೆಯುತ್ತದೆ. ಮುಂದಿನ ಸಲ ಮೂತ್ರಕ್ಕೆ ಕೂತಾಗ ಗಮನಿಸಿ. ಮೂತ್ರ ಹೊರಡುವಾಗಲೇ ಒಳಗಿನಿಂದ ಉರಿ ಶುರುವಾಗುತ್ತದೆಯೇ? ಮುಗಿಯುವ ಹೊತ್ತಿಗೆ ಕೆಳಹೊಟ್ಟೆ ಹಿಂಡುತ್ತದೆಯೇ? ಈಗಷ್ಟೇ ಹೋಗಿ ಬಂದರೂ ಮತ್ತೆ ಅವಸರವಾಗಿ, ಹೋದರೆ ನಾಲ್ಕು ಹನಿ ಮಾತ್ರ ಬರುತ್ತದೆಯೇ? ಹಾಗಿದ್ದರೆ ತೊಂದರೆ ಮೂತ್ರಕೋಶದ್ದು.

ಅಥವಾ ಮೂತ್ರ ಹೊರಗೆ ಬಂದು ಯೋನಿಯ ಹೊರ ಚರ್ಮಕ್ಕೆ ತಾಗಿದಾಗ ಮಾತ್ರ ಚುರ್ ಅನ್ನುತ್ತದೆಯೇ? ಆಗ ಸಾಮಾನ್ಯವಾಗಿ ಚರ್ಮ ಕೆರಳಿದೆ ಅಂತ ಅರ್ಥ: ಫಂಗಸ್, ಸೋಪಿನ ಅಲರ್ಜಿ, ಗಾಯ ಅಥವಾ ಹುಣ್ಣು. ಇಂಥ ಉರಿ ಇದ್ದವರು ಮೂತ್ರ ಮಾಡುವಾಗಲೇ ಉಗುರುಬೆಚ್ಚಗಿನ ನೀರು ಸುರಿದುಕೊಂಡರೆ ಹಾಯೆನಿಸುತ್ತದೆ.

ಮೂತ್ರ ಮಾಡುವಾಗ ಉರಿಯೂ ಇದೆ, ಪದೇ ಪದೇ ಹೋಗುವುದೂ ಇದೆ, ಆದರೆ ಅಸಹಜ ಸ್ರಾವವಾಗಲಿ ಯೋನಿಯ ಕಿರಿಕಿರಿಯಾಗಲಿ ಇಲ್ಲ ಅಂದರೆ ಮೂತ್ರದ ಸೋಂಕಿರುವ ಸಾಧ್ಯತೆ 90%ಕ್ಕಿಂತ ಹೆಚ್ಚು. ತುರಿಕೆ, ಸ್ರಾವ ಸೇರಿಕೊಂಡಿದ್ದರೆ ಲೆಕ್ಕ ಬದಲಾಗುತ್ತದೆ, ಪರೀಕ್ಷೆ ಬೇಕಾಗುತ್ತದೆ.

ಹಂತ 3: ಸ್ರಾವ ಏನು ಹೇಳುತ್ತದೆ ನೋಡಿ

ಮೊದಲು ಫಂಗಸ್, ಅಂದರೆ ಕ್ಯಾಂಡಿಡಾ. ಇದರ ಗುರುತು ತುರಿಕೆ. ರಾತ್ರಿ ನಿದ್ದೆಗೆಡಿಸುವಷ್ಟು ತುರಿಕೆ, ಹೊರಭಾಗ ಕೆಂಪಾಗಿ ಊದಿರುವುದು, ಒಡೆದ ಹಾಲಿನ ಚೂರುಗಳಂಥ ದಪ್ಪ ಬಿಳಿ ಸ್ರಾವ. ಕೆಟ್ಟ ವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ಆ್ಯಂಟಿಬಯೋಟಿಕ್ ತೆಗೆದುಕೊಂಡ ಮೇಲೆ, ಬಸುರಿನಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಾಗ ಇದು ಹೆಚ್ಚು. ಚಿಕಿತ್ಸೆ ಸುಲಭ: ಕ್ಲೋಟ್ರಿಮಜೋಲ್‌ನಂಥ ಯೋನಿಯೊಳಗೆ ಇಡುವ ಮಾತ್ರೆ ಅಥವಾ ಕ್ರೀಮ್, ಇಲ್ಲವೇ ಫ್ಲುಕೊನಜೋಲ್ 150 ಮಿ.ಗ್ರಾಂ. ಒಂದೇ ಮಾತ್ರೆ. ಬಸುರಿಯರು ಫ್ಲುಕೊನಜೋಲ್ ನುಂಗಬಾರದು. ಅವರಿಗೆ ವೈದ್ಯರು 7 ದಿನ ಒಳಗಿಡುವ ಔಷಧಿಯನ್ನೇ ಕೊಡುತ್ತಾರೆ. ಇನ್ನೊಂದು ಸೂಕ್ಷ್ಮ: ಎಣ್ಣೆ ಅಂಶವಿರುವ ಈ ಕ್ರೀಮ್‌ಗಳು ಕಾಂಡೋಮ್‌ನ ಲೇಟೆಕ್ಸ್ ಅನ್ನು ಸಡಿಲಗೊಳಿಸುತ್ತವೆ.

ತುರಿಕೆಗೆ ಅಂತ ಸಿಗುವ ಮಿಶ್ರ ಕ್ರೀಮ್‌ಗಳ ಬಗ್ಗೆ ನನಗೆ ಸಿಟ್ಟೇ ಇದೆ. ಒಂದೇ ಟ್ಯೂಬಿನಲ್ಲಿ ಫಂಗಸ್ ಔಷಧಿ, ಆ್ಯಂಟಿಬಯೋಟಿಕ್, ಜೊತೆಗೆ ಬಲವಾದ ಸ್ಟೆರಾಯ್ಡ್. ಹಚ್ಚಿದ ಎರಡನೇ ದಿನಕ್ಕೆ ತುರಿಕೆ ಮಾಯ. ಆದರೆ ಸ್ಟೆರಾಯ್ಡ್ ತುರಿಕೆಯನ್ನು ಅಡಗಿಸಿದೆ, ಕಾರಣ ಹಾಗೇ ಇದೆ. ನಿಲ್ಲಿಸಿದರೆ ಮತ್ತೆ ಬರುತ್ತದೆ, ಮುಂದುವರಿಸಿದರೆ ಅಲ್ಲಿನ ಚರ್ಮ ತೆಳುವಾಗುತ್ತದೆ. ವೈದ್ಯರು ನೋಡಿ ಬರೆದುಕೊಡದೆ ಇದನ್ನು ಹಚ್ಚಬೇಡಿ.

ಎರಡನೆಯದು ಬ್ಯಾಕ್ಟೀರಿಯಲ್ ವಜೈನೋಸಿಸ್. ಹೆಸರು ಅಷ್ಟಾಗಿ ಕೇಳಿರಲಿಕ್ಕಿಲ್ಲ, ಆದರೆ ಸಂತಾನ ವಯಸ್ಸಿನ ಹೆಂಗಸರಲ್ಲಿ ಅಸಹಜ ಸ್ರಾವಕ್ಕೆ ಅತಿ ಸಾಮಾನ್ಯ ಕಾರಣ ಇದೇ. ಇಲ್ಲಿ ಒಳ್ಳೆಯ ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತವೆ. ಪಿಎಚ್ 4.5 ದಾಟುತ್ತದೆ. ಸ್ರಾವ ತೆಳು, ಬೂದು ಮಿಶ್ರಿತ ಬಿಳಿ. ಮೀನಿನಂಥ ವಾಸನೆ ಬರುತ್ತದೆ, ಸಂಭೋಗದ ನಂತರ ಇನ್ನೂ ಜಾಸ್ತಿ. ತುರಿಕೆ ಕಡಿಮೆ ಅಥವಾ ಇಲ್ಲವೇ ಇಲ್ಲ. ವಾಸನೆ ಹೋಗಲಿ ಅಂತ ಒಳಗೆ ತೊಳೆದರೆ ಉಳಿದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗಿ ಪರಿಸ್ಥಿತಿ ಹದಗೆಡುತ್ತದೆ. ಚಿಕಿತ್ಸೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ 7 ದಿನ, ಅಥವಾ ಒಳಗೆ ಹಚ್ಚುವ ಜೆಲ್. ವಾಸನೆ ಹೋಯಿತು ಅಂತ ಮೂರನೇ ದಿನಕ್ಕೆ ನಿಲ್ಲಿಸಬೇಡಿ.

ಇದರ ದೊಡ್ಡ ತಲೆನೋವು ಮರುಕಳಿಸುವುದು. ಇದಕ್ಕೆ ಹೊಸ ದಾರಿಯೊಂದು ಕಾಣಿಸಿದೆ. ಆಸ್ಟ್ರೇಲಿಯಾದಲ್ಲಿ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಂಗಸಿನ ಜೊತೆ ಆಕೆಯ ಗಂಡು ಸಂಗಾತಿಗೂ ಮಾತ್ರೆ ಮತ್ತು ಕ್ರೀಮ್ ಕೊಟ್ಟರು. 12 ವಾರದೊಳಗೆ ಮರುಕಳಿಸಿದ್ದು 35% ಮಂದಿಗೆ. ಹೆಂಗಸರಿಗೆ ಮಾತ್ರ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಅದು 63% ಇತ್ತು. ಪದೇ ಪದೇ ಬರುತ್ತಿದ್ದು ಒಬ್ಬರೇ ಸಂಗಾತಿ ಇದ್ದರೆ ಈ ವಿಷಯವನ್ನು ವೈದ್ಯರ ಬಳಿ ಎತ್ತಿ.

ಮೂರನೆಯದು ಟ್ರೈಕೊಮೊನಾಸ್. ಲೈಂಗಿಕ ಸಂಪರ್ಕದಿಂದ ಹರಡುವ ಪರೋಪಜೀವಿ. ಹಳದಿ-ಹಸಿರು ಸ್ರಾವ, ಕೆಲವೊಮ್ಮೆ ನೊರೆ, ವಾಸನೆ, ತುರಿಕೆ, ಉರಿ ಎಲ್ಲವೂ ಇರಬಹುದು. ಏನೂ ಇಲ್ಲದೆಯೂ ಇರಬಹುದು. ಸಂಗಾತಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ಅದು ಇಬ್ಬರ ನಡುವೆ ಓಡಾಡುತ್ತಲೇ ಇರುತ್ತದೆ. ಕ್ಲಮೈಡಿಯಾ, ಗೊನೊರಿಯಾ ಎಂಬ ಲೈಂಗಿಕ ಸೋಂಕುಗಳು ಕೂಡ ಹೀಗೇ ಸದ್ದಿಲ್ಲದೆ ಇದ್ದು ಗರ್ಭಕೋಶ, ಗರ್ಭನಾಳದವರೆಗೆ ಹಬ್ಬಬಲ್ಲವು. ಮುಂದೆ ಮಕ್ಕಳಾಗಲು ಅದರಿಂದ ಅಡ್ಡಿಯಾಗಬಹುದು. ಹೊಸ ಸಂಗಾತಿ ಇದ್ದಾಗ, ಕೆಳಹೊಟ್ಟೆ ನೋವಿದ್ದಾಗ, ಸಂಭೋಗದ ನಂತರ ರಕ್ತ ಕಂಡಾಗ ಇವುಗಳ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.

ಇವ್ಯಾವುದೂ ಅಲ್ಲದ ಕಾರಣಗಳೂ ಇವೆ. ಸುಗಂಧದ ಪ್ಯಾಡ್, ಒದ್ದೆ ಒರೆಸುವ ಟಿಶ್ಯೂ, ಬಟ್ಟೆ ಒಗೆಯುವ ಪುಡಿ, ಕೂದಲು ತೆಗೆಯುವ ಕ್ರೀಮ್ ಇವು ಚರ್ಮ ಕೆರಳಿಸಿ ಫಂಗಸ್ಸಿನಂತೆಯೇ ತುರಿಸುತ್ತವೆ. ತಿಂಗಳುಗಟ್ಟಲೆ ಹೋಗದ ತುರಿಕೆ, ಚರ್ಮ ಬೆಳ್ಳಗೆ ತೆಳುವಾಗಿ ಕಾಣುವುದು ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ ಇರಬಹುದು. ಅದನ್ನು ಕಣ್ಣಲ್ಲಿ ನೋಡಿಯೇ ಹೇಳಬೇಕು, ಫೋನಿನಲ್ಲಿ ಹೇಳಲಾಗದು. ಇದ್ದಕ್ಕಿದ್ದಂತೆ ವಿಪರೀತ ದುರ್ವಾಸನೆ ಬಂದರೆ ಒಳಗೆ ಟ್ಯಾಂಪಾನ್ (ಮುಟ್ಟಿನ ರಕ್ತ ಹೀರಲು ಯೋನಿಯೊಳಗೆ ಇಡುವ ಹತ್ತಿಯ ಸುರುಳಿ) ಮರೆತು ಉಳಿದಿದೆಯೇ ನೋಡಿ. ಅಂದುಕೊಂಡಷ್ಟು ಅಪರೂಪವಲ್ಲ ಅದು.

ಹಂತ 4: ಮೂತ್ರದ ಸೋಂಕು ಅನ್ನಿಸಿದರೆ

ಇಲ್ಲಿ ಹೆಚ್ಚಾಗಿ ಅಪರಾಧಿ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ. ಸರಳ ಸೋಂಕುಗಳಲ್ಲಿ ಮುಕ್ಕಾಲು ಪಾಲು ಅದರದ್ದೇ.

ಔಷಧಿ ಶುರು ಮಾಡುವ ಮುಂಚೆ ಮೂತ್ರದ ಸ್ಯಾಂಪಲ್ ಕೊಡಿ. ಮೊದಲ ಸಲದ ಸಾಧಾರಣ ಸೋಂಕಿಗೆ ಕೆಲವೊಮ್ಮೆ ವೈದ್ಯರು ಕಲ್ಚರ್ ಪರೀಕ್ಷೆ (ಸ್ಯಾಂಪಲ್ಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಇಲ್ಲದೆಯೇ ಔಷಧಿ ಕೊಡುತ್ತಾರೆ, ತಪ್ಪಲ್ಲ. ಆದರೆ ಮತ್ತೆ ಮತ್ತೆ ಬರುವವರು, ಬಸುರಿಯರು, ಜ್ವರ ಇರುವವರು ಕಲ್ಚರ್ ಮಾಡಿಸಲೇಬೇಕು. ಎರಡು ಮಾತ್ರೆ ನುಂಗಿ ಆಮೇಲೆ ಸ್ಯಾಂಪಲ್ ಕೊಟ್ಟರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಆಗ ಯಾವ ಔಷಧಿ ನಾಟುತ್ತದೆ ಅಂತ ತಿಳಿಯುವ ಅವಕಾಶ ತಪ್ಪಿತು.

ಸ್ಯಾಂಪಲ್ ಹಿಡಿಯುವುದಕ್ಕೂ ಒಂದು ಕ್ರಮ ಇದೆ. ಕೈ ತೊಳೆಯಿರಿ. ಡಬ್ಬಿಯ ಒಳಗೆ, ಮುಚ್ಚಳದ ಒಳಬದಿಗೆ ಬೆರಳು ತಾಗಿಸಬೇಡಿ. ಯೋನಿಯ ತುಟಿಗಳನ್ನು ಎರಡು ಬೆರಳಿನಿಂದ ಬಿಡಿಸಿ ಹಿಡಿದು ಮೊದಲು ಸ್ವಲ್ಪ ಮೂತ್ರ ಹೊರಗೆ ಬಿಡಿ. ಆಮೇಲೆ ನಿಲ್ಲಿಸದೆ ನಡುವಿನ ಧಾರೆಯನ್ನು ಡಬ್ಬಿಗೆ ಹಿಡಿಯಿರಿ, ಉಳಿದದ್ದನ್ನು ಮತ್ತೆ ಹೊರಗೆ ಬಿಡಿ. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಬಿಸಿಲಲ್ಲಿ ಬ್ಯಾಗಿನೊಳಗೆ ಅರ್ಧ ದಿನ ಇದ್ದ ಸ್ಯಾಂಪಲ್ಲಿನ ವರದಿಯನ್ನು ನಂಬುವ ಹಾಗಿಲ್ಲ.

ಸರಳ ಸೋಂಕಿಗೆ ನೈಟ್ರೊಫ್ಯುರಾಂಟೊಯಿನ್ 5 ದಿನ, ಅಥವಾ ಫಾಸ್ಫೊಮೈಸಿನ್ 3 ಗ್ರಾಂ ಪುಡಿ ಒಂದೇ ಸಲ, ಇವು ಸಾಮಾನ್ಯವಾಗಿ ಮೊದಲ ಆಯ್ಕೆ. ಯಾವುದು ಅಂತ ವೈದ್ಯರೇ ಹೇಳಬೇಕು, ಕಿಡ್ನಿಯ ಸ್ಥಿತಿ ನೋಡಬೇಕಾಗುತ್ತದೆ. ಸರಿಯಾದ ಔಷಧಿ ಬಿದ್ದರೆ 48 ಗಂಟೆಯೊಳಗೆ ಉರಿ ಇಳಿಯಬೇಕು. ಇಳಿಯದಿದ್ದರೆ ಇನ್ನೂ ನಾಲ್ಕು ದಿನ ನೋಡೋಣ ಅನ್ನದೆ ಮತ್ತೆ ಫೋನ್ ಮಾಡಿ.

ಉರಿ ತಣಿಸುವ ಸಿರಪ್ ಗೊತ್ತೇ ಇರುತ್ತದೆ. ಅದು ಮೂತ್ರದ ಹುಳಿ ತಗ್ಗಿಸುತ್ತದೆ, ಸೋಂಕನ್ನು ಕೊಲ್ಲುವುದಿಲ್ಲ. ಅಲ್ಲದೆ ನೈಟ್ರೊಫ್ಯುರಾಂಟೊಯಿನ್ ಕೆಲಸ ಮಾಡಲು ಮೂತ್ರ ಹುಳಿಯಾಗಿಯೇ ಇದ್ದರೆ ಒಳ್ಳೆಯದು. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಒಂದು ಇನ್ನೊಂದರ ಕಾಲು ಎಳೆಯುತ್ತದೆ. ನೋವಿಗೆ ಪ್ಯಾರಾಸಿಟಮಾಲ್, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಸಾಕು.

ಇನ್ನೊಂದು ಮಾತು. ಯಾವ ತೊಂದರೆಯೂ ಇಲ್ಲದೆ ಬೇರೆ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಡ. ಬಸುರಿಯರು ಮತ್ತು ಮೂತ್ರಾಂಗದ ಕೆಲವು ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಮಾತ್ರ ಬೇಕು. ವರದಿಗೆ ಚಿಕಿತ್ಸೆ ಕೊಡುವುದು ಬೇರೆ, ಮನುಷ್ಯರಿಗೆ ಕೊಡುವುದು ಬೇರೆ.

ಹಂತ 5: ಇವು ಕಂಡರೆ ಮನೆಮದ್ದು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ

- ಜ್ವರ, ಚಳಿ ನಡುಕ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿ ನೋವು, ವಾಂತಿ. ಸೋಂಕು ಕಿಡ್ನಿಗೆ ಏರಿರಬಹುದು.
- ಬಸುರಿನಲ್ಲಿ ಉರಿಮೂತ್ರ, ರಕ್ತಸ್ರಾವ, ಅಥವಾ ನೀರಿನಂತೆ ಒಮ್ಮೆಲೆ ಸ್ರಾವ.
- ಮೂತ್ರ ಕಟ್ಟಿಕೊಂಡು ಬಾರದೇ ಇರುವುದು.
- ಕೆಳಹೊಟ್ಟೆಯ ತೀವ್ರ ನೋವಿನ ಜೊತೆ ಜ್ವರ.
- ಟ್ಯಾಂಪಾನ್ ಅಥವಾ ಮುಟ್ಟಿನ ಕಪ್ ಬಳಸುವಾಗ ಏಕಾಏಕಿ ಜ್ವರ, ಮೈಮೇಲೆ ಕೆಂಪು, ತಲೆ ಸುತ್ತು.

ಅಂದೇ ಅಲ್ಲದಿದ್ದರೂ ಬೇಗ ತೋರಿಸಬೇಕಾದವು ಎರಡಿವೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋಗುವುದು, ಮುಟ್ಟು ನಿಂತು ಒಂದು ವರ್ಷದ ಮೇಲೆ ಒಂದೇ ಒಂದು ಹನಿಯಾದರೂ ರಕ್ತ ಕಾಣುವುದು. ಎಷ್ಟೋ ಸಲ ಕಾರಣ ಚಿಕ್ಕದಿರುತ್ತದೆ, ಆದರೆ ಕ್ಯಾನ್ಸರ್ ಅಲ್ಲ ಅಂತ ಖಚಿತ ಮಾಡಿಕೊಳ್ಳದೆ ಬಿಡುವಂಥದ್ದಲ್ಲ.

ಹಂತ 6: ಮತ್ತೆ ಮತ್ತೆ ಬರುತ್ತಿದ್ದರೆ

6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಮೂತ್ರದ ಸೋಂಕು ಬಂದರೆ ಅದು ಮರುಕಳಿಸುವ ಸೋಂಕು. ಪ್ರತಿ ಸಲ ಹೊಸ ಆ್ಯಂಟಿಬಯೋಟಿಕ್ ನುಂಗುತ್ತಾ ಹೋಗುವ ಬದಲು ತಡೆಯುವ ಯೋಚನೆ ಮಾಡಬೇಕು.

ನೀರಿನ ವಿಷಯಕ್ಕೆ ಗಟ್ಟಿ ಪುರಾವೆ ಇದೆ. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಕಡಿಮೆ ಕುಡಿಯುತ್ತಿದ್ದ, ಪದೇ ಪದೇ ಸೋಂಕು ಬರುತ್ತಿದ್ದ 140 ಮಹಿಳೆಯರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧ ಜನ ದಿನಾ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು. ವರ್ಷದ ಕೊನೆಗೆ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದಿತ್ತು, ಉಳಿದವರಿಗೆ 3.2 ಸಲ. ಈಗಾಗಲೇ ಸಾಕಷ್ಟು ಕುಡಿಯುವವರು ಬಿಂದಿಗೆಗಟ್ಟಲೆ ಕುಡಿಯಬೇಕಿಲ್ಲ. ಹೃದಯ, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಶೌಚಾಲಯ ಸರಿಯಿಲ್ಲ ಅಂತ ಬೆಳಗಿನಿಂದ ಸಂಜೆವರೆಗೆ ನೀರೂ ಕುಡಿಯದೆ ಮೂತ್ರವನ್ನೂ ಕಟ್ಟಿಕೊಂಡಿರುವ ಹೆಂಗಸರು ಎಷ್ಟೋ ಜನ. ಅವರಿಗೆ ನೀರು ಕುಡಿಯಿರಿ ಅನ್ನುವ ಬುದ್ಧಿಮಾತಿಗಿಂತ ಕೆಲಸದ ಜಾಗದಲ್ಲಿ ಒಂದು ಒಳ್ಳೆಯ ಶೌಚಾಲಯ ಹೆಚ್ಚು ಉಪಕಾರ ಮಾಡುತ್ತದೆ.

ಸಂಭೋಗದ ನಂತರವೇ ಸೋಂಕು ಬರುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಸಂಭೋಗವಾದ ಮೇಲೆ ಮೂತ್ರ ಮಾಡುವುದರಿಂದ ನಷ್ಟವಿಲ್ಲ. ವೀರ್ಯನಾಶಕ ಜೆಲ್ ಬಳಸುತ್ತಿದ್ದರೆ ಬಿಡಿ, ಅದು ಸೋಂಕು ಹೆಚ್ಚಿಸುತ್ತದೆ. ಕ್ರ್ಯಾನ್‌ಬೆರಿ ಪದಾರ್ಥಗಳು ಮರುಕಳಿಸುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2023ರ ಕಾಕ್ರೇನ್ ವಿಮರ್ಶೆ ಹೇಳಿದೆ. ಬಂದಿರುವ ಸೋಂಕನ್ನು ಅವು ವಾಸಿ ಮಾಡುವುದಿಲ್ಲ.

ಉರಿ ಇದೆ, ಆದರೆ ಕಲ್ಚರ್ ಪ್ರತಿ ಸಲವೂ ನೆಗೆಟಿವ್ ಬರುತ್ತಿದೆ ಅಂದರೆ ಆ್ಯಂಟಿಬಯೋಟಿಕ್ ನಿಲ್ಲಿಸಿ ಬೇರೆ ಕಾರಣ ಹುಡುಕಬೇಕು. ಮೂತ್ರಕೋಶದ ನೋವಿನ ಕಾಯಿಲೆ, ಲೈಂಗಿಕ ಸೋಂಕು, ಹಾರ್ಮೋನ್ ಕೊರತೆ ಯಾವುದೂ ಇರಬಹುದು.

ಫಂಗಸ್ ವರ್ಷದಲ್ಲಿ 3 ಸಲಕ್ಕಿಂತ ಹೆಚ್ಚು ಬಂದರೆ ರಕ್ತದ ಸಕ್ಕರೆ ನೋಡಿಸಿ, ಸ್ರಾವದ ಕಲ್ಚರ್ ಮಾಡಿಸಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಅದರಿಂದಲೇ ಕೆಲವರಿಗೆ ಫಂಗಸ್ ಬಿಡದೆ ಕಾಡುತ್ತದೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಸಕ್ಕರೆ ನೋಡುವ ವೈದ್ಯರಿಗೆ ತಿಳಿಸಿ.

ಹಂತ 7: ಮುಟ್ಟು ನಿಂತ ಮೇಲೆ

ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಇಳಿದಾಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗುತ್ತವೆ, ಪಿಎಚ್ ಏರುತ್ತದೆ. ಉರಿ, ಸಂಭೋಗದಲ್ಲಿ ನೋವು, ಅವಸರದ ಮೂತ್ರ, ಪದೇ ಪದೇ ಸೋಂಕು ಒಂದರ ಹಿಂದೆ ಒಂದು ಬರುತ್ತವೆ. ವಯಸ್ಸಾಯಿತು ಅಂತ ಇದನ್ನು ಸಹಿಸಿಕೊಂಡು ಕೂರಬೇಕಾಗಿಲ್ಲ. ಯೋನಿಯೊಳಗೆ ಇಡುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮ್ ಅಥವಾ ಮಾತ್ರೆ ಒಣಗುವುದನ್ನೂ ತಗ್ಗಿಸುತ್ತದೆ, ಮೂತ್ರದ ಸೋಂಕನ್ನೂ ತಗ್ಗಿಸುತ್ತದೆ. ಪರಿಣಾಮ ಕಾಣಲು ಕೆಲವು ವಾರ ಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಬೇಕು. ಹಾರ್ಮೋನ್ ಬೇಡವೆಂದರೆ ಮಾಯಿಶ್ಚರೈಸರ್, ಜಾರುಕ ಜೆಲ್ ಇವೆ.

ಹಂತ 8: ಕೆಮ್ಮಿದರೆ, ನಕ್ಕರೆ ಮೂತ್ರ ಸೋರುತ್ತಿದ್ದರೆ

ಇದು ಸೋಂಕಲ್ಲ, ತಳಭಾಗದ ಸ್ನಾಯುಗಳು ಸಡಿಲವಾಗಿರುವುದು. ಹೆರಿಗೆ, ವಯಸ್ಸು, ಮಲಬದ್ಧತೆ, ದೀರ್ಘಕಾಲದ ಕೆಮ್ಮು ಎಲ್ಲ ಕಾರಣವಾಗಬಹುದು. 1948ರಲ್ಲಿ ಆರ್ನಾಲ್ಡ್ ಕೆಗಲ್ ಎಂಬ ವೈದ್ಯ ಹೇಳಿದ ವ್ಯಾಯಾಮ ಇವತ್ತಿಗೂ ಮೊದಲ ಚಿಕಿತ್ಸೆ.

ಕೂತು ಅಥವಾ ಮಲಗಿ, ಗ್ಯಾಸ್ ಹೊರಹೋಗದಂತೆ ತಡೆಯುವಾಗ ಬಿಗಿಯುವ ಸ್ನಾಯುವನ್ನು ಮೇಲಕ್ಕೆಳೆದು ಹಿಡಿಯಿರಿ. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಾಗಬಾರದು, ಉಸಿರು ಕಟ್ಟಬಾರದು. ಶುರುವಿಗೆ 3 ಸೆಕೆಂಡ್ ಸಾಕು, ಆಮೇಲೆ 10 ಸೆಕೆಂಡಿನವರೆಗೆ ಹೆಚ್ಚಿಸಿ. ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸರದಿಗೆ 8 ಸಲ, ದಿನಕ್ಕೆ 3 ಸರದಿ, ಕನಿಷ್ಠ 3 ತಿಂಗಳು. ಹದಿನೈದು ದಿನ ಮಾಡಿ ಏನೂ ಆಗಲಿಲ್ಲ ಅಂತ ಬಿಡುವವರೇ ಜಾಸ್ತಿ. ಮೂತ್ರ ಮಾಡುವಾಗ ಧಾರೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ತಡೆಯಲಾಗದ ಅವಸರದಿಂದ ಸೋರುವುದು ಬೇರೆ ಥರ. ಅದಕ್ಕೆ ಮೂರು ದಿನ ಬರೆದಿಡಿ: ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಕುಡಿದಿರಿ, ಯಾವಾಗ ಸೋರಿತು. ಕಾಫಿ, ಟೀ ಕಡಿಮೆ ಮಾಡಿ. ಹೋಗುವ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ 6 ವಾರ ಮೂತ್ರಕೋಶವನ್ನು ಪಳಗಿಸಬೇಕು. ಯೋನಿಯಿಂದ ಏನೋ ಕೆಳಗೆ ಜಾರಿ ಬಂದಂತೆ ಅನ್ನಿಸಿದರೆ ಗರ್ಭಕೋಶ ಅಥವಾ ಮೂತ್ರಕೋಶ ಇಳಿದಿರಬಹುದು. ಅದನ್ನು ತೋರಿಸಿ.

ಹಂತ 9: ದಿನದ ಅಭ್ಯಾಸ

ಇಲ್ಲಿ ಮಾಡಬೇಕಾದ್ದಕ್ಕಿಂತ ಬಿಡಬೇಕಾದ್ದೇ ಹೆಚ್ಚು. ಹೊರಭಾಗಕ್ಕೆ ಬರೀ ನೀರು ಸಾಕು. ಯೋನಿಯ ಒಳಗೆ ನೀರು, ಸೋಪು, ವಾಶ್, ಬೆರಳು ಹಾಕಿ ತೊಳೆಯಬೇಡಿ. ‘ಇಂಟಿಮೇಟ್ ವಾಶ್’ ಇಲ್ಲದೆ ಯಾರಿಗೂ ಕಾಯಿಲೆ ಬಂದಿಲ್ಲ. ಮುಂದಿನಿಂದ ಹಿಂದಕ್ಕೆ ಒರೆಸಿ, ತೊಳೆಯುವುದೂ ಹಾಗೆಯೇ. ಹತ್ತಿಯ, ತುಸು ಸಡಿಲ ಒಳಉಡುಪು ಹಾಕಿ, ಒದ್ದೆಯಾದದ್ದನ್ನು ಬೇಗ ಬದಲಿಸಿ. ಪ್ಯಾಡ್ 4ರಿಂದ 6 ಗಂಟೆಗೊಮ್ಮೆ, ಟ್ಯಾಂಪಾನ್ ಹೆಚ್ಚೆಂದರೆ 8 ಗಂಟೆ, ಕಪ್ 12 ಗಂಟೆ ಮೀರಬಾರದು. ಬೆಳ್ಳುಳ್ಳಿ, ಮೊಸರು, ವಿನೆಗರ್, ಟೀ ಟ್ರೀ ಎಣ್ಣೆ ಇವನ್ನು ಒಳಗೆ ಹಚ್ಚುವ ಸಲಹೆ ಎಲ್ಲೇ ಓದಿದರೂ ಮಾಡಬೇಡಿ, ಸುಟ್ಟುಕೊಂಡವರಿದ್ದಾರೆ.

ಹಂತ 10: ವೈದ್ಯರ ಹತ್ತಿರ ಹೋಗುವಾಗ

ಹಿಂದಿನ ದಿನದಿಂದ ಯೋನಿಯೊಳಗೆ ಕ್ರೀಮ್ ಹಚ್ಚಬೇಡಿ, ತೊಳೆಯಲೂಬೇಡಿ, ಸ್ರಾವದ ಪರೀಕ್ಷೆ ಕೆಡುತ್ತದೆ. ಮುಟ್ಟಿನ ಮೊದಲ ದಿನಾಂಕ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಈಗಾಗಲೇ ಹಚ್ಚಿ ನೋಡಿದ ಕ್ರೀಮ್‌ನ ಟ್ಯೂಬ್, ಹಳೆಯ ಕಲ್ಚರ್ ವರದಿ ಜೊತೆಗಿರಲಿ. ಬಾಯಿ ಬಿಟ್ಟು ಹೇಳಲು ಮುಜುಗರವಾದರೆ ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಬಸುರಾಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿಬಿಡಿ. ಪರೀಕ್ಷೆಯ ಹೊತ್ತಿಗೆ ಜೊತೆಗೆ ಒಬ್ಬ ಮಹಿಳೆ ಇರಲಿ ಅಂತ ಕೇಳುವುದು ನಿಮ್ಮ ಹಕ್ಕು, ನೋವಾದರೆ ನಿಲ್ಲಿಸಿ ಅನ್ನುವುದೂ ಹಾಗೆಯೇ. ಪರೀಕ್ಷಿಸಿ ನೋಡದೆಯೇ ನಾಲ್ಕು ಥರದ ಮಾತ್ರೆ ಒಟ್ಟಿಗೆ ಬರೆದುಕೊಟ್ಟರೆ, "ನನಗಿರುವುದು ಯಾವ ಸೋಂಕು? ಯಾವ ಪರೀಕ್ಷೆಯಿಂದ ಗೊತ್ತಾಯಿತು?" ಅಂತ ಕೇಳಿ. 30 ದಾಟಿದ್ದರೆ ಇದೇ ಭೇಟಿಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಯಾವಾಗ ಮಾಡಿಸಬೇಕು ಅಂತಲೂ ವಿಚಾರಿಸಿಕೊಂಡು ಬನ್ನಿ.